ಮೂರನೇ ಪ್ರಕಟಣೆಯ ದಿನ

ಕರ್ತನ ಹೆಸರಿನಲ್ಲಿ ಒಂದಾಗಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ನನ್ನ ಮದುವೆಯನ್ನು ನಾನೇ ನಿಲ್ಲಿಸಬೇಕೆಂದು ನಿಶ್ಚಯಿಸಿಕೊಂಡು ಒಂದು ಭಾನುವಾರ ಬೆಳಿಗ್ಗೆ ನಾನು ಮಡಿಕೇರಿಯ ನಮ್ಮ ದೇವಾಲಯಕ್ಕೆ ಹೋದೆ. ಅಲ್ಲಿ ನಡೆದದ್ದನ್ನು ಇಂದಿಗೂ ಸಮಾಧಾನವಾಗಿ ಹೇಳಲು ನನಗೆ ಬರುವುದಿಲ್ಲ. ಆದರೂ ಪತ್ರಿಕೆಯ ಕೆಲಸ ಕಲಿತವಳು ನಾನು. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಮಾಡಿಯೇ ಬರೆಯುತ್ತೇನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ವರ್ಷ ಕಳೆದಿತ್ತು. ನಾನು ಮಡಿಕೇರಿಯ ಒಂದು ವಾರಪತ್ರಿಕೆಯಲ್ಲಿ ಪ್ರೂಫ್ ತಿದ್ದುತ್ತಿದ್ದೆ, ಆಸ್ಪತ್ರೆ, ಕೋರ್ಟು, ಬಸ್ ನಿಲ್ದಾಣ ಸುತ್ತಿ ಸುದ್ದಿಯನ್ನೂ ತರುತ್ತಿದ್ದೆ. ಸಂಪಾದಕರು ಅರೆಭಾಷೆ ಆಡುವ ಗೌಡರ ಮನೆಯವರು, ಮಾತು ಕಡಿಮೆ. ಯಾವ ಸುದ್ದಿ ತಂದರೂ ಅವರದು ಒಂದೇ ಪ್ರಶ್ನೆ: "ಇನ್ನೊಬ್ಬರನ್ನು ಕೇಳಿದಿಯಾ?" ಕೇಳಿಲ್ಲವೆಂದರೆ ಕಾಗದ ವಾಪಸು.

ನನಗೆ ನಿಶ್ಚಯವಾದ ವರ ಸಮುವೇಲ. ಪೊನ್ನಂಪೇಟೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಎಂದರೆ ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ ಎಲ್ಲವೂ ಅವರ ಕೈಯಲ್ಲಿ. ತಾಯಿತಂದೆ ಇಲ್ಲದ ಅವರನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ್ದು ಅವರಕ್ಕ ರಾಹೇಲಮ್ಮ. ನಿಶ್ಚಿತಾರ್ಥದ ದಿನ ನಮ್ಮಿಬ್ಬರನ್ನೂ ಸಭೆಯ ಪಾದ್ರಿಗಳಾದ ಅಯ್ಯನವರು ಕೂರಿಸಿಕೊಂಡು ಪ್ರಾರ್ಥನೆ ಮಾಡಿದ ಮೇಲೆ ಸಮುವೇಲರೇ ಹೇಳಿದ್ದರು: "ನಮ್ಮಿಬ್ಬರ ನಡುವೆ ಮುಚ್ಚುಮರೆ ಬೇಡ." ಬೇರೆ ಯಾವ ಮಾತೂ ನನಗೆ ಅಷ್ಟು ಹಿಡಿಸಿರಲಿಲ್ಲ.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಸಭೆಯ ಮುಂದೆ ಮದುಮಕ್ಕಳ ಹೆಸರು ಓದುವುದು ನಿಮಗೆಲ್ಲ ಗೊತ್ತಿದ್ದದ್ದೇ. ಓದಿ ಮುಗಿದ ಮೇಲೆ ಅಯ್ಯನವರು ಕೇಳುತ್ತಾರೆ, ಈ ಮದುವೆಗೆ ಅಡ್ಡಿಯೇನಾದರೂ ಉಂಟೆಂದು ಬಲ್ಲವರಿದ್ದರೆ ಈಗಲೇ ತಿಳಿಸಬೇಕು ಎಂದು. ಯಾರೂ ಏಳುವುದಿಲ್ಲ. ಕೆಮ್ಮುವವರು ಕೂಡ ಆ ಹೊತ್ತಿಗೆ ಕೆಮ್ಮು ತಡೆದುಕೊಳ್ಳುತ್ತಾರೆ.

ಎರಡನೇ ಪ್ರಕಟಣೆ ಮುಗಿದು ಸಮುವೇಲ ಬಸ್ಸಿಗೆಂದು ಓಡಿದ್ದರು. ನಾನು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದೆ. ಸಭೆಯ ಹಿರಿಯರಾದ ಎಸ್ತೇರಮ್ಮ ನನ್ನ ಗಲ್ಲ ಹಿಡಿದು, "ಅಂತೂ ಆ ಪ್ರೆಸ್ಸಿನ ಕೆಲಸ ಬಿಡ್ತೀಯಂತಲ್ಲ ಮಗಳೇ! ಒಳ್ಳೇದಾಯ್ತು. ಕೈಬೆರಳಿಗೆಲ್ಲ ಮಸಿ ಮಾಡ್ಕೊಂಡು ಉಂಗುರ ಹಾಕಿಸ್ಕೊಳ್ಳೋದು ಹೆಂಗೆ ಅಂತ ನಾನೇ ಯೋಚ್ನೆ ಮಾಡ್ತಿದ್ದೆ" ಎಂದರು.

"ಯಾರು ಹೇಳಿದ್ದು ಎಸ್ತೇರಮ್ಮ?"

"ಇನ್ಯಾರು? ರಾಹೇಲಮ್ಮ. ನೀನೇ ಒಪ್ಪಿದ್ದೀಯಂತೆ."

ನಾನು ಒಪ್ಪಿರಲಿಲ್ಲ. ನನ್ನನ್ನು ಯಾರೂ ಕೇಳಿಯೇ ಇರಲಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದೆ. "ಇಷ್ಟು ಸಣ್ಣದಕ್ಕೆ ಮುಖ ಊದಿಸ್ಕೋತೀಯಾ? ಚಕ್ಕುಲಿ ಹಿಟ್ಟು ಬೀಸಿ ಆಗಿದೆ" ಎಂದಳು ಅವ್ವ. ನನಗೆ ಸಣ್ಣದಾಗಿ ಕಾಣಲಿಲ್ಲ. ಕೇಳಿದ್ದರೆ ಕೆಲಸ ಬಿಡುತ್ತಿದ್ದೆನೋ ಏನೋ. ಕೆಲಸ ದೊಡ್ಡದಲ್ಲ. ನನ್ನ ಬಾಯಿಂದ ಬರಬೇಕಾದ ಮಾತನ್ನು ನನಗೆ ಗೊತ್ತಿಲ್ಲದಂತೆ ಇನ್ನೊಬ್ಬರು ಆಡಿದ್ದರು. ಮದುವೆಗೆ ಮೊದಲೇ ಹೀಗಾದರೆ, ದೇವರ ಮುಂದೆ ನಾವು ಕೊಡುವ ಮಾತಿಗೆ ಬೆಲೆಯೇನು?

ಆದರೆ ನಾನು ಕೇಳಿದ್ದು ಒಬ್ಬರ ಬಾಯಿಂದ. ಇನ್ನೊಬ್ಬರನ್ನು ಕೇಳದೆ ಯಾವುದನ್ನೂ ನಂಬುವಂತಿರಲಿಲ್ಲ. ಅಷ್ಟರಲ್ಲಿ, ವಾರದ ನಡುವೆ, ರಾಹೇಲಮ್ಮ ಕಾಫಿ ಒಣಗಿಸುವ ಕಣದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡು ವಿರಾಜಪೇಟೆಯ ಆಸ್ಪತ್ರೆಗೆ ಸೇರಿದ ಸುದ್ದಿ ಬಂತು. ಶನಿವಾರ ರಜೆ ಕೇಳಿ, ಒಂದು ಡಬ್ಬಿ ಗಂಜಿ ಕಟ್ಟಿಕೊಂಡು ಬಸ್ಸು ಹತ್ತಿದೆ.

ರಾಹೇಲಮ್ಮ ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದರು. ಕಾಲಿಗೆ ಪಟ್ಟಿ ಕಟ್ಟಿ, ತುದಿಗೆ ಭಾರ ತೂಗುಹಾಕಿದ್ದರು. ನನ್ನನ್ನು ಕಂಡವರೇ ಜೋರಾಗಿ, "ಬಂದ್ಯಾ ಪತ್ರಿಕೆಯವಳೇ! ನನ್ನ ಕಾಲಿನ ಸುದ್ದಿ ಮೊದಲನೇ ಪುಟಕ್ಕೋ, ಒಳಪುಟಕ್ಕೋ?" ಎಂದರು. ವಾರ್ಡಿನವರೆಲ್ಲ ತಿರುಗಿ ನೋಡಿದರು.

"ಮೊದಲು ಗಂಜಿ ಕುಡೀರಿ ಅಕ್ಕ. ಪುಟ ಆಮೇಲೆ ನೋಡೋಣ."

ಗಂಜಿ ಮುಗಿದ ಮೇಲೆ ನೇರವಾಗಿ ಕೇಳಿದೆ: "ಅಕ್ಕ, ನಾನು ಕೆಲಸ ಬಿಡ್ತೀನಿ ಅಂತ ನಿಮಗೆ ಹೇಳಿದ್ದು ಯಾರು?"

"ನನ್ನ ತಮ್ಮ. ಮದುವೆ ಆದ್ಮೇಲೆ ಅವಳು ಪ್ರೆಸ್ಸು ಅಂತ ಹೋಗೋದು ಬೇಡ ಕಣೋ ಅಂದೆ. ಅವಳೇ ಬಿಡ್ತಾಳಂತೆ ಅಕ್ಕ, ನಾನು ಕೇಳಿದೀನಿ ಅಂದ. ನಂಗೆಷ್ಟು ಸಂತೋಷ ಆಯ್ತು ಗೊತ್ತಾ? ಹುಡುಗಿ ಹಟಮಾರಿ ಅಂದ್ಕೊಂಡಿದ್ದೆ, ಪರವಾಗಿಲ್ಲ ಅನ್ನಿಸ್ತು." ನನ್ನ ಮುಖ ನೋಡಿ ತಟ್ಟನೆ ನಿಲ್ಲಿಸಿದರು. "ಯಾಕೆ? ಹಂಗಲ್ವಾ?"

ಅಲ್ಲ ಎನ್ನುವುದು ಸುಲಭವಿತ್ತು. ಆದರೆ ಭಾರ ಕಟ್ಟಿದ ಕಾಲಿನೊಂದಿಗೆ ಮಲಗಿದ್ದ ಅಕ್ಕನ ಮುಂದೆ ಅವರು ಸಾಕಿದ ತಮ್ಮನನ್ನು ಸುಳ್ಳುಗಾರನೆಂದು ಹೇಳಲು ನಾಲಿಗೆ ಏಳಲಿಲ್ಲ. "ಅದನ್ನ ಅವರ ಹತ್ತಿರವೇ ಮಾತಾಡಬೇಕು ಅಕ್ಕ" ಎಂದೆ.

ಅವರು ಗಂಜಿಯ ಡಬ್ಬಿ ಬದಿಗಿಟ್ಟು, "ಸರಿ, ಪ್ರಾರ್ಥನೆ ಮಾಡೋಣ" ಎಂದು ನನ್ನ ಕೈ ಹಿಡಿದುಕೊಂಡರು. ದೇವರಲ್ಲಿ ಮಾತಾಡುವಾಗಲೂ ಅವರದು ಅದೇ ದನಿ: "ಕರ್ತನೇ, ನನ್ನ ಕಾಲು ನೆಟ್ಟಗೆ ಮಾಡು. ಈ ಹುಡುಗಿ ಮನಸ್ಸಿನಲ್ಲಿ ಏನೋ ಇದೆ, ಅದನ್ನೂ ನೆಟ್ಟಗೆ ಮಾಡು. ಇವಳಿಗೆ ಬಾಯಿ ಸ್ವಲ್ಪ ಕಡಿಮೆ ಕೊಟ್ಟಿದ್ರೂ ಆಗ್ತಿತ್ತು. ಆಮೆನ್."

ಸಮುವೇಲರನ್ನು ಅಂದು ಕಾಣಲಾಗಲಿಲ್ಲ. ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಕಾಲ, ಸಂಜೆಯವರೆಗೆ ಹಣ್ಣಿನ ತೂಕ ಬಿಟ್ಟು ಬರುವಂತಿಲ್ಲ. ಕಾದರೆ ಮಡಿಕೇರಿಗೆ ನನಗೆ ಬಸ್ಸಿಲ್ಲ. ಅಕ್ಕ ಹೀಗಿರುವಾಗ ಮರುದಿನ ಅವರು ಆರಾಧನೆಗೆ ಬರುವುದೂ ಇಲ್ಲ ಎಂದುಕೊಂಡೆ. ಬೆಳಗಾದರೆ ಮೂರನೇ ಪ್ರಕಟಣೆ. ಅದಾದ ಬುಧವಾರ ಮದುವೆ; ಕಾಲು ಮುರಿದರೂ ಅದನ್ನು ಮುಂದಕ್ಕೆ ಹಾಕಲು ಅಕ್ಕ ಒಪ್ಪಿರಲಿಲ್ಲ.

ಬಸ್ಸು ಮೂರ್ನಾಡು ದಾಟುವವರೆಗೆ ಕಣ್ಣೀರು ಒರೆಸುತ್ತಲೇ ಇದ್ದೆ. ಪಕ್ಕದಲ್ಲಿ ಕೂತಿದ್ದ ಕೊಡವ ಅಜ್ಜಿಯೊಬ್ಬರು ಏನೂ ಕೇಳದೆ ಒಂದು ಕಿತ್ತಳೆ ಸುಲಿದು ನನ್ನ ಕೈಗಿಟ್ಟರು. ಅದನ್ನು ತಿಂದು, ಕಿಟಕಿಗೆ ತಲೆ ಒರಗಿಸಿ, ನಾನು ಪ್ರಾರ್ಥಿಸಿದ್ದು ಇಷ್ಟೇ: "ಕರ್ತನೇ, ಸುಳ್ಳಿನ ಮೇಲೆ ನನ್ನ ಮನೆ ಏಳುವುದು ಬೇಡ. ನಾಳೆ ಅಯ್ಯನವರು ಕೇಳಿದಾಗ ನಾನು ಎದ್ದು ನಿಲ್ಲುತ್ತೇನೆ. ಏಳಬೇಕಾದರೆ ಬಲ ಕೊಡು. ಏಳಬಾರದಾದರೆ ನೀನೇ ತಡೆ. ಹೇಗೆ ತಡೆಯುತ್ತೀಯೋ ನನಗೆ ಗೊತ್ತಿಲ್ಲ."

ಈ ಪ್ರಾರ್ಥನೆಯನ್ನು ಯಾರಿಗೂ ಹೇಳಲಿಲ್ಲ. ಅವ್ವನಿಗೂ ಇಲ್ಲ. ಇದನ್ನು ನೆನಪಿನಲ್ಲಿಡಿ.

ಭಾನುವಾರ ಹೆಂಗಸರ ಕಡೆ ಎರಡನೇ ಬೆಂಚಿನಲ್ಲಿ ಕೂತೆ. ಗಂಡಸರ ಕಡೆ ಕಣ್ಣು ಹಾಯಿಸಿದೆ, ಸಮುವೇಲ ಇರಲಿಲ್ಲ. ಕೀರ್ತನೆ ಮುಗಿಯಿತು. ಅಯ್ಯನವರು ಕನ್ನಡಕ ಸರಿಮಾಡಿಕೊಂಡು ನಮ್ಮ ಹೆಸರುಗಳನ್ನು ಓದಿದರು. ನಾನು ಮುಂದಿನ ಬೆಂಚಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. "ಅಡ್ಡಿಯೇನಾದರೂ ಉಂಟೆಂದು ಬಲ್ಲವರಿದ್ದರೆ..." ಎಂದರು. ನಾನು ಅರ್ಧ ಎದ್ದೆ.

"ಉಂಟು ಅಯ್ಯನವರೇ."

ಮಾತು ನನ್ನದಲ್ಲ. ಹಿಂದಿನಿಂದ, ಬಾಗಿಲಿನ ಕಡೆಯಿಂದ ಬಂತು. ಇಡೀ ಸಭೆ ತಿರುಗಿತು. ಸಮುವೇಲ! ತಲೆಯಿಂದ ಬೂಟಿನವರೆಗೆ ಕೆಂಪು ಧೂಳು. ದಾರಿಯಲ್ಲಿ ರೇಡಿಯೇಟರ್ ಕುದಿದು ಬಸ್ಸು ನಿಂತದ್ದರಿಂದ, ಮರದ ಲಾರಿಯೊಂದನ್ನು ಕೈತೋರಿಸಿ ನಿಲ್ಲಿಸಿ, ದಿಮ್ಮಿಗಳ ಮೇಲೆ ಕೂತು ಬಂದಿದ್ದರು. ಇದು ಆಮೇಲೆ ತಿಳಿದದ್ದು.

ಅಯ್ಯನವರು ಕನ್ನಡಕ ತೆಗೆದರು. "ಸಮುವೇಲ, ಮದುಮಗನೇ ಅಡ್ಡಿ ಹೇಳಿದ್ದನ್ನ ನಾನು ಈವರೆಗೆ ಕಂಡಿಲ್ಲ."

"ಬಲ್ಲವರು ತಿಳಿಸಬೇಕು ಅಂದಿರಿ. ಅಡ್ಡಿ ಏನಂತ ನಾನೇ ಬಲ್ಲೆ." ಅವರು ಬಾಗಿಲಿನಿಂದ ಒಳಗೆ ನಡೆದು ಬಂದರು. "ಸುಗುಣ ಕೆಲಸ ಬಿಡ್ತಾಳೆ ಅಂತ ನಾನು ಅಕ್ಕನಿಗೆ ಹೇಳಿದೆ. ಅವಳನ್ನ ನಾನು ಕೇಳಲೇ ಇಲ್ಲ. ಅಕ್ಕನಿಗೂ ಬೇಜಾರಾಗಬಾರದು, ಇವಳಿಗೂ ಆಗಬಾರದು ಅಂತ ಇಬ್ಬರಿಗೂ ಮೋಸ ಮಾಡಿದೆ. ಅದು ಸರಿಯಾಗೋವರೆಗೆ ಈ ಪ್ರಕಟಣೆ ನಿಲ್ಲಬೇಕು."

ಯಾರೋ "ದೇವರೇ" ಎಂದರು. ಅಯ್ಯನವರು ನನ್ನ ಕಡೆ ನೋಡಿದರು. ಅರ್ಧ ಎದ್ದವಳು ಹಾಗೆಯೇ ನಿಂತಿದ್ದೆ. "ಸುಗುಣ, ನೀನೇನಾದರೂ ಹೇಳಬೇಕಾ?"

"ಹೇಳೋದಕ್ಕೆ ಅಂತಲೇ ಎದ್ದೆ ಅಯ್ಯನವರೇ. ಅವರು ನನಗಿಂತ ಮೊದಲು ಹೇಳಿಬಿಟ್ಟರು!"

ಮೊದಲು ನಕ್ಕಿದ್ದು ಅಯ್ಯನವರು. ಆಮೇಲೆ ಸಭೆಯೇ ನಕ್ಕಿತು. ನಾನು ಅಳುತ್ತ ನಗುತ್ತಿದ್ದೆ. ನನ್ನ ದೇವರು ನನ್ನನ್ನು ತಡೆದಿದ್ದನು, ಅದೂ ಎಂಥ ರೀತಿಯಲ್ಲಿ!

ನಕ್ಕರೂ ಅಯ್ಯನವರು ನಿಯಮ ಬಿಡಲಿಲ್ಲ. ಅಡ್ಡಿ ಬಂದ ಪ್ರಕಟಣೆ ಮೊದಲಿನಿಂದ ಮತ್ತೆ ಆಗಬೇಕು, ಅಷ್ಟರಲ್ಲಿ ಉಪವಾಸ ಕಾಲ ಬರುತ್ತದೆ, ಆಗ ಮದುವೆ ಮಾಡುವಂತಿಲ್ಲ, ಏನಿದ್ದರೂ ಈಸ್ಟರ್ ಕಳೆದೇ ಎಂದರು. "ಅಯ್ಯೋ ನನ್ನ ಚಕ್ಕುಲಿ!" ಎಂದಳು ಅವ್ವ, ಎಲ್ಲರಿಗೂ ಕೇಳುವಂತೆ.

ಹೊರಗೆ ಬಂದ ಕೂಡಲೆ ನಾನು ಸಮುವೇಲರನ್ನು ಕೇಳಿದ್ದು ಸುದ್ದಿಯವಳ ಪ್ರಶ್ನೆಯನ್ನೇ: "ನಿಮಗೆ ಯಾರು ಹೇಳಿದರು? ಅಕ್ಕನಾ?"

"ಅಕ್ಕನ್ನ ನೋಡೋದಕ್ಕೆ ನಿನ್ನೆ ಹೋಗೋಕೇ ಆಗಲಿಲ್ಲ. ಯಾರು ಹೇಳಬೇಕಿತ್ತು? ಹೋದ ಭಾನುವಾರ ಅಯ್ಯನವರು ಕೇಳಿದಾಗಲೇ ಹೇಳಬೇಕಿತ್ತು, ಹೇಳದೆ ಬಸ್ಸಿಗೆ ಓಡಿದೆ. ವಾರವಿಡೀ ಊಟ ಸೇರಲಿಲ್ಲ. ನಿನ್ನೆ ಸಾಯಂಕಾಲ ತೂಕ ಹಾಕ್ತಾ ಇದ್ದಾಗ, ನಾಳೆ ಎದ್ದು ಹೇಳಿಬಿಡು ಅಂತ ಯಾರೋ ಕಿವೀಲಿ ಅಂದ ಹಾಗಾಯ್ತು."

ನಿನ್ನೆ ಸಾಯಂಕಾಲ ನಾನು ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಕೂತಿದ್ದ ಹೊತ್ತು. ಆ ಭಾನುವಾರ ಮಧ್ಯಾಹ್ನವೇ ನಾವಿಬ್ಬರೂ ಅವ್ವನ ಜೊತೆ ವಿರಾಜಪೇಟೆಗೆ ಹೋದಾಗ ವಾರ್ಡಿನ ನರ್ಸಮ್ಮನನ್ನೂ ಬೇರೆಯಾಗಿ ವಿಚಾರಿಸಿದೆ. ನಾನು ಹೋದ ಮೇಲೆ ರಾಹೇಲಮ್ಮನನ್ನು ನೋಡಲು ಯಾರೂ ಬಂದಿರಲಿಲ್ಲ, ಯಾರ ಕೈಯಲ್ಲೂ ಅವರು ಮಾತು ಕಳಿಸಿರಲಿಲ್ಲ. ನಾನು ವಿಚಾರಿಸಬಹುದಾದದ್ದು ಇಷ್ಟು. ಉಳಿದದ್ದು ನನ್ನ ವಿಶ್ವಾಸ.

ರಾಹೇಲಮ್ಮ ಎಲ್ಲವನ್ನೂ ಕೇಳಿ ತಮ್ಮನಿಗೆ, "ಕತ್ತೆ, ಊರಿಗೆಲ್ಲ ಹೇಳೋ ಮುಂಚೆ ನನಗೆ ಹೇಳಬಾರದಿತ್ತಾ?" ಎಂದು ಬೈದರು. ಬೈಯುತ್ತಲೇ ತಮ್ಮನ ತಲೆಯ ಧೂಳು ಕೊಡವಿದರು. ಆಮೇಲೆ ನನ್ನ ಕಡೆ ತಿರುಗಿ, "ಹಾಗಾದ್ರೆ ನೀನು ಬಿಡಲ್ವಾ?" ಎಂದರು.

ಕೊನೆಗೂ ನನ್ನನ್ನೇ ಕೇಳಿದ್ದರು. "ಬಿಡೋದಕ್ಕೆ ಮನಸ್ಸಿಲ್ಲ ಅಕ್ಕ."

"ನೀನು ಮಡಿಕೇರೀಲಿ, ಇವನು ಎಸ್ಟೇಟಲ್ಲಿ, ನಾನು ಮುರಿದ ಕಾಲಿಟ್ಕೊಂಡು ಒಬ್ಬಳೇ. ಅದನ್ನ ಸಂಸಾರ ಅಂತಾರಾ?"

ಅದು ನ್ಯಾಯವಾದ ಮಾತು. ಅವರ ಬೇಡಿಕೆಯ ಒಳಗೆ ಇದ್ದದ್ದು ಒಂಟಿತನದ ಭಯ. ಅದನ್ನು ಯಾರೂ ಅವರಿಂದ ಕೇಳಿ ತಿಳಿದಿರಲಿಲ್ಲ, ನಾನೂ ಸೇರಿ. ಆ ಹಾಸಿಗೆಯ ಸುತ್ತ ಕೂತು ಮೊದಲ ಬಾರಿಗೆ ಎಲ್ಲರೂ ಮುಚ್ಚುಮರೆಯಿಲ್ಲದೆ ಮಾತಾಡಿದೆವು. ಮರುದಿನ ಸಂಪಾದಕರಿಗೆ ವಿಷಯ ಹೇಳಿದಾಗ ಅವರು, "ಪೊನ್ನಂಪೇಟೆ, ವಿರಾಜಪೇಟೆ ಕಡೆಯಿಂದ ಸುದ್ದಿ ಕಳಿಸುವವರೇ ಇಲ್ಲ. ಅಲ್ಲಿದ್ದುಕೊಂಡೇ ಬರಿ, ಬಸ್ಸಿಗೆ ಕೊಟ್ಟು ಕಳಿಸು" ಎಂದರು. ನಾನು ಬಾಗಿಲು ತಟ್ಟುವ ಮೊದಲೇ ತೆರೆದಿತ್ತು.

ಈಸ್ಟರ್ ಕಳೆದು, ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಬಿದ್ದು, ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟ ವಾರ ನಮ್ಮ ಮದುವೆಯಾಯಿತು. ಈ ಸಲದ ಮೂರನೇ ಪ್ರಕಟಣೆಯಲ್ಲಿ ಅಯ್ಯನವರು ಅಡ್ಡಿಯ ಪ್ರಶ್ನೆ ಕೇಳಿ, ಸಮುವೇಲರ ಕಡೆ ನೋಡಿ, ಬೇಕೆಂದೇ ಸ್ವಲ್ಪ ಹೆಚ್ಚು ಹೊತ್ತು ಕಾದರು. ಎಸ್ತೇರಮ್ಮ ಮಸಿ ಹತ್ತಿದ ನನ್ನ ಬೆರಳನ್ನು ನಿಂಬೆಹಣ್ಣು ಹಾಕಿ ತಾವೇ ಉಜ್ಜಿದರು.

ಅಕ್ಕತಂಗಿಯರೇ, ಮದುವೆಗೆ ಸಿದ್ಧವಾಗುತ್ತಿರುವ ನಿಮ್ಮ ಹೆಣ್ಣುಮಕ್ಕಳಿಗೆ ಹೇಳಿ: ಸಹಿಸಿಕೊಂಡು ಸುಮ್ಮನಿರುವುದೊಂದೇ ಭಕ್ತಿಯಲ್ಲ. ಸತ್ಯವನ್ನು ಕೇಳಿಕೊಂಡು ಕರ್ತನ ಬಳಿ ಹೋಗಿ. ಆತನು ಅದನ್ನು ನಿಮ್ಮ ಬಾಯಿಂದಲೂ ಹೊರಡಿಸಬಲ್ಲನು, ನೀವು ನೆನೆಸದವರ ಬಾಯಿಂದಲೂ ಹೊರಡಿಸಬಲ್ಲನು. ನಮ್ಮ ಮನೆಯಲ್ಲಿ ಈಗಲೂ ಜಗಳ ಇದೆ, ಪ್ರಾರ್ಥನೆಯೂ ಇದೆ. ಒಬ್ಬರ ಮಾತನ್ನು ಇನ್ನೊಬ್ಬರು ಆಡುವುದು ಮಾತ್ರ ಇಲ್ಲ. ಅದಕ್ಕಾಗಿ ಆತನಿಗೆ ಸ್ತೋತ್ರ.

ರಾಹೇಲಮ್ಮನ ಕಾಲು ಕೂಡಿದೆ, ಸ್ವಲ್ಪ ಕುಂಟು ಉಳಿದಿದೆ. ನನ್ನ ಸುದ್ದಿಯ ಲಕೋಟೆಯನ್ನು ಬೆಳಗಿನ ಬಸ್ಸಿಗೆ ಕೊಡುವುದು ಅವರೇ, ಬೇರೆ ಯಾರಿಗೂ ಬಿಡುವುದಿಲ್ಲ. ಎಸ್ಟೇಟಿನ ಗೇಟಿನವರೆಗೆ ಕೋಲೂರಿಕೊಂಡು ಹೋಗುವ ಮೊದಲು ನನ್ನಿಂದ ಪೂರ್ತಿ ಓದಿಸಿ ಕೇಳುತ್ತಾರೆ. ಮುಗಿದ ಮೇಲೆ ಲಕೋಟೆಯನ್ನು ಸೆರಗಿನಲ್ಲಿ ಹಿಡಿದು ಒಂದೇ ಪ್ರಶ್ನೆ:

"ಇನ್ನೊಬ್ಬರನ್ನ ಕೇಳಿದ್ಯಾ?"