ಹೆಚ್ಚಿದ ಸರ

ಟಪ್. ಆಮೇಲೆ ಟಪ್ ಟಪ್ ಟಪ್ ಎಂದು ಒಟ್ಟಿಗೇ. ಕರಿಮಣಿಗಳು ಫರಸಿಕಲ್ಲಿನ ನೆಲದ ಮೇಲೆ ಬಿದ್ದು ಕುರ್ಚಿಗಳ ಕೆಳಗೆ ಉರುಳಿಹೋದವು. ತಾರಿಹಾಳದ ತರಬೇತಿ ಕೇಂದ್ರದಲ್ಲಿ ಮಣಿ ಪೋಣಿಸುವ ಪರೀಕ್ಷೆಗೆ ಕೂತಿದ್ದ ಹೆಂಗಸರೆಲ್ಲ ತಲೆ ಎತ್ತಿದರು. ಎಡಿತ್‌ಳ ಕೈಯಲ್ಲಿ ಬರೀ ದಾರ ಉಳಿದಿತ್ತು.

ಎಡಿತ್ ಈ ಕೆಲಸಕ್ಕೆ ಬಂದದ್ದೂ ಇಂಥದೇ ಸದ್ದಿನಿಂದ. ಮದುವೆಯಾದ ಹೊಸದರಲ್ಲಿ ಒಂದು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಅವಳ ತಾಳಿಯ ಕರಿಮಣಿ ಚೆಲ್ಲಿದ್ದವು. ಅವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹುಬ್ಬಳ್ಳಿಯ ದುರ್ಗದಬೈಲಿನ ಸಂದಿಯಲ್ಲಿದ್ದ ಗೌಸಸಾಬರ ಅಂಗಡಿಗೆ ಹೋದಳು. ಸರ ಪೋಣಿಸುವುದು ಅವರ ಮನೆತನದ ಕಸುಬು.

“ಸರ ಹರದೈತ್ರಿ.”

ಗೌಸಸಾಬರು ಕಿವಿ ಮುಚ್ಚಿಕೊಂಡರು. “ಹಂಗ ಅನಬಾರದವ್ವಾ. ಮುತ್ತೈದಿ ಕೊರಳಾಗಿನ ಸರ ಹರಿಯೂದಿಲ್ಲ, ಹೆಚ್ಚತೈತಿ. ಈಗ ಹೇಳು, ಏನಾಗೈತಿ?”

“ಹೆಚ್ಚೈತ್ರಿ.”

“ಹಾಂ, ಈಗ ಕೊಡು.”

ಅವರು ನೆಲಕ್ಕೆ ಕೂತು, ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ ಪೋಣಿಸತೊಡಗಿದರು. ಎಡಿತ್ ನೋಡುತ್ತ ಕೂತಳು. ಮರುದಿನ ಯಾವ ನೆವವೂ ಇಲ್ಲದೆ ಮತ್ತೆ ಬಂದಳು. ಮೊದಲು ಮಣಿ ಆರಿಸುವುದು, ಆಮೇಲೆ ದಾರ ಹೊಸೆಯುವುದು, ಎಲ್ಲಕ್ಕೂ ಕಡೆಗೆ ಗಂಟು. ಅವಳು ಹಾಕಿದ್ದನ್ನು ಗೌಸಸಾಬರು, ಅಷ್ಟರಲ್ಲಿ ಅವಳಿಗೆ ಚಾಚಾ ಆಗಿದ್ದವರು, ಉಗುರಿನಿಂದ ಬಿಚ್ಚಿ ತೋರಿಸುತ್ತಿದ್ದರು: “ಇದು ಗಂಟಲ್ಲ ಎಡಿತವ್ವಾ, ಜಗಳ. ಗಂಟು ಅಂದ್ರ ಕಾಣಬಾರದು.” ಹಾಗೆ ವರ್ಷಗಳು ಹೋದವು.

ಈಗ ಚಾಚಾನ ಕಣ್ಣು ಮಂಜಾಗಿವೆ. ಪರೀಕ್ಷೆ ಪಾಸಾದವರು ಇರುವ ಅಂಗಡಿಗೆ ಮಾತ್ರ ಕಲಿಯುವ ಹುಡುಗಿಯರನ್ನು ಕಳಿಸುತ್ತೇವೆ ಎಂದು ಕೇಂದ್ರದವರು ಹೇಳಿದ್ದರು. “ಈ ವಯಸ್ಸಿನಾಗ ನನಗೆಂಥಾ ಪರೀಕ್ಷಾ? ನೀ ಹೋಗು,” ಎಂದಿದ್ದರು ಚಾಚಾ. “ಆಗಲಿಲ್ಲಂದ್ರ ಲಗ್ನದ ಸುಗ್ಗಿ ಮುಗದ ಮ್ಯಾಲ ಬಾಗಲಾ ಹಾಕೂಣು. ಇಬ್ಬರಿಂದ ಇನ್ನ ನಡಿಯೂದಿಲ್ಲ.”

ಪರೀಕ್ಷೆಯಲ್ಲಿ ಮೇಜು, ಕುರ್ಚಿ. ದಾರ ಕಟ್ಟಲು ಮೇಜಿನ ಅಂಚಿಗೆ ಒಂದು ಮೊಳೆ. ಹೆಬ್ಬೆರಳಾದರೆ ಎಳೆದಾಗ ತುಸು ಬಾಗುತ್ತದೆ. ಮೊಳೆ ಬಾಗಲಿಲ್ಲ. ಎಡಿತ್ ದಿನದ ರೂಢಿಯಂತೆ ಎಳೆದಳು, ಮಣಿ ಚೆಲ್ಲಿದವು.

ಅವಳು ಕೈ ಎತ್ತಿದಳು. “ಸರ್, ದಾರ ಹೆಚ್ಚೈತ್ರಿ.”

ಪರೀಕ್ಷಕ ರಾಜರತ್ನ ಮೈಸೂರು ಕಡೆಯವರು. ಬರೆಯುತ್ತಿದ್ದವರು ತಲೆ ಎತ್ತಲಿಲ್ಲ. “ಹೆಚ್ಚಾಗಿದ್ರೆ ಕತ್ತರಿಸಿಬಿಡಿ.”

“ಕತ್ತರಸೂದಲ್ರೀ ಸರ್, ಹೆಚ್ಚೈತಿ.”

“ಸರಿ, ಮಿಕ್ಕಿದ್ದನ್ನ ಆಮೇಲೆ ವಾಪಸ್ ಕೊಡಿ.”

ಹಿಂದೆ ಯಾರೋ ಕಿಸಕ್ಕೆಂದರು. ಹೊತ್ತು ಹೋಗುತ್ತಿತ್ತು, ಹೊಸ ದಾರವಿಲ್ಲದೆ ಕೈ ಕಟ್ಟಿದಂತಾಗಿತ್ತು. ಬೇಕಾದ ಮಾತು ಹಲ್ಲಿನ ತನಕ ಬಂದು ಅಲ್ಲೇ ನಿಂತಿತು.

ಪಕ್ಕದಲ್ಲಿ ಅಮ್ಮಿನಬಾವಿಯ ಉಮಾಶ್ರೀ ಪಿಸುಗುಟ್ಟಿದಳು, “ಅಂದಬಿಡ್ರಿ ಅಕ್ಕಾರ. ಈ ಸರ ಯಾರ ಕೊರಳಾಗೂ ಇಲ್ಲಲ್ಲ.”

“ನಾಳಿ ಇರತೈತಲ್ಲವ್ವಾ,” ಎಂದಳು ಎಡಿತ್.

ಅಷ್ಟರಲ್ಲಿ ರಾಜರತ್ನ ಎದ್ದರು. ಬೂಟಿನ ಕೆಳಗೆ ಮಣಿ ಸಿಕ್ಕಿ ಜಾರಿ, ಮೇಜು ಹಿಡಿದುಕೊಂಡರು. ಕೆಳಗೆ ನೋಡಿದರು, ಅವಳ ಕೈ ನೋಡಿದರು. “ಅಯ್ಯೋ, ಹರಿದೇ ಹೋಗಿದೆಯಲ್ರೀ!”

ಹೆಂಗಸರೆಲ್ಲ ಒಟ್ಟಿಗೆ ಲೊಚಗುಟ್ಟಿದರು. “ಹಂಗ ಅನಬಾರದ್ರೀ ಸರ್,” ಎಂದು ಉಮಾಶ್ರೀ ಬಿಡಿಸಿ ಹೇಳಿದಳು. ರಾಜರತ್ನ ಹಣೆ ಚಚ್ಚಿಕೊಂಡು ನಕ್ಕರು. “ನಮ್ಮಜ್ಜಿ ದೀಪ ಆರಿಸು ಅಂತಿರಲಿಲ್ಲ, ದೊಡ್ಡದು ಮಾಡು ಅಂತಿದ್ರು. ನನಗೆ ಹೊಳೀಬೇಕಿತ್ತು. ದಾರ ಕೈಕೊಟ್ಟರೆ ಪರೀಕ್ಷಕರಿಗೆ ಹೇಳಬೇಕು ಅನ್ನೋದು ನಿಯಮ. ನೀವು ಹೇಳಿದ್ರಿ, ಕೇಳಿಸಿಕೊಳ್ಳದವನು ನಾನು. ಹೊಸ ದಾರ ತಗೊಳ್ಳಿ, ಹೋದ ಹೊತ್ತನ್ನೂ ಕೊಡ್ತೀನಿ.”

“ಕೆಳಗ ಕುಂದರಲೇನ್ರಿ?”

“ಕುರ್ಚಿ ಮೇಲೇ ಕೂರಬೇಕು ಅಂತ ಎಲ್ಲೂ ಬರೆದಿಲ್ಲ. ಕೂತ್ಕೊಳ್ಳಿ.”

ಎಡಿತ್ ಫರಸಿಯ ಮೇಲೆ ಕೂತು ಹೆಬ್ಬೆರಳಿಗೆ ದಾರ ಸಿಕ್ಕಿಸಿದಳು. ಉಸಿರು ತಾನಾಗಿ ಇಳಿಯಿತು. ಮುಗಿದ ಸರವನ್ನು ರಾಜರತ್ನ ಕೊಕ್ಕೆಗೆ ಹಾಕಿ, ಕೆಳಗೆ ಕಬ್ಬಿಣದ ತೂಕ ತೂಗುಬಿಟ್ಟರು. ಸರ ತುಸು ಜಗ್ಗಿತು. ಹಿಡಿದು ನಿಂತಿತು. ಬೆರಳಾಡಿಸಿ ಗಂಟು ಹುಡುಕಿದರು. ಸಿಗಲಿಲ್ಲ.

“ಪಾಸ್ ಕಣ್ರೀ.”

ಸಂಜೆ ಗೌಸಸಾಬರು ಅಂಗಡಿಯ ಕಟ್ಟೆಯ ಮೇಲೆ ಕಾಯುತ್ತಿದ್ದರು. ಹೆಜ್ಜೆ ಸದ್ದಿಗೇ ಕೇಳಿದರು, “ಏನಾತು?”

“ಆತು ಚಾಚಾ.” ಎಡಿತ್ ಅವರ ಪಕ್ಕದಲ್ಲೇ ಕುಸಿದು ಕೂತಳು.

ಚಾಚಾ ಟೋಪಿ ತೆಗೆದು ಮುಖ ಒರೆಸಿಕೊಂಡು ಮತ್ತೆ ಇಟ್ಟುಕೊಂಡರು. ನಡೆದದ್ದನ್ನೆಲ್ಲ ಕೇಳಿದ ಮೇಲೆ ಹಗುರಾದ ದನಿಯಲ್ಲಿ ಬೈಗುಳ ಶುರುವಾಯಿತು. “ಮೊಳಿಗೆ ದಾರ ಕಟ್ಟತಾರ? ಯಾವ ಶಾಣ್ಯಾ ಬಡದಾನ ಆ ಮೊಳಿ? ಕಲಿಯಾಕ ಬರೂ ಹುಡುಗ್ಯಾರನ್ನ ಮೊದಲ ನೆಲಕ್ಕ ಕುಂದರಸು. ಆಮ್ಯಾಲ ಮಾತು ಕಲಸು. ಆಮ್ಯಾಲ ಮಣಿ. ಗಂಟು ಮಾತ್ರ ಲಗೂ ತೋರಸಬ್ಯಾಡ, ಯಾಕಂದ್ರ—”

ಒಬ್ಬ ಹೆಂಗಸು ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಅಕ್ಕಾರ, ನನ್ನ ಸರ...” ಎಂದವಳು ಮುಂದಿನ ಮಾತಿಗೆ ತಡವರಿಸಿದಳು.

“ಹೆಚ್ಚೈತೇನ್ರಿ? ಬರ್ರಿ, ಬರ್ರಿ.” ಎಡಿತ್ ಎದ್ದು, ಚಾಚಾನ ಮಾತನ್ನು ಕಟ್ಟೆಯ ಮೇಲೇ ಬಿಟ್ಟು ಒಳಗೆ ನಡೆದಳು.