ಕ್ರೋಂಪೇಟೆಯಿಂದ ಬಂದ ಪ್ರೆಸ್ಸು

ಬೇಬಿ ಎಂಬುದು ಅವಳ ನಿಜವಾದ ಹೆಸರೇ. ಕೊನೆಯ ಮಗುವೆಂದು ಮನೆಯಲ್ಲಿ ಹಾಗೆ ಕರೆಯುತ್ತಿದ್ದರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅದನ್ನೇ ಬರೆದುಕೊಂಡರು. ನಂಜನಗೂಡಿನ ಕಡೆಯ ಆ ಹುಡುಗಿ ತಮ್ಮಯ್ಯನನ್ನು ಮದುವೆಯಾಗಿ ಮದರಾಸಿಗೆ ಬಂದಾಗ ಅವಳಿಗೆ ತಮಿಳಿನ ಒಂದು ಮಾತೂ ಬರುತ್ತಿರಲಿಲ್ಲ. ತಮ್ಮಯ್ಯ ಕ್ರೋಂಪೇಟೆಯ ಪಿನಾಕಿನಿ ಮೋಟಾರ್ಸ್ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿದ್ದ. ಮನೆಯೆತ್ತರದ ಯಂತ್ರದೊಳಗೆ ಅವನು ತಗಡಿನ ಹಾಳೆ ಇಡುತ್ತಿದ್ದ. ಮೇಲಿನ ಅಚ್ಚು ಇಳಿದು ಒತ್ತಿದರೆ ಹಾಳೆ ಕಾರಿನ ಬಾಗಿಲಾಗಿ ಈಚೆಗೆ ಬರುತ್ತಿತ್ತು.

ಕಂಪನಿಯ ವಿಷಯ ಹೇಳುವುದೆಂದರೆ ತಮ್ಮಯ್ಯನಿಗೆ ಎಲ್ಲಿಲ್ಲದ ಉಮೇದು. ಮೊದಲಿಗೆ ಮದರಾಸಿನದೇ ರಾಯಪುರಂನಲ್ಲಿ, ಬಂದರಿಗೆ ಹತ್ತಿರ, ಒಂದು ಶೆಡ್ಡು ಇತ್ತಂತೆ. ಹಡಗಿನಲ್ಲಿ ಬಂದ ಪೆಟ್ಟಿಗೆಗಳನ್ನು ಒಡೆದು, ವಿದೇಶದ ಬಿಡಿಭಾಗಗಳನ್ನು ಅಲ್ಲಿ ಜೋಡಿಸುತ್ತಿದ್ದರಂತೆ. ಆಮೇಲೆ ಕ್ರೋಂಪೇಟೆಯಲ್ಲಿ ಚರ್ಮ ಹದ ಮಾಡುವ ಮಂಡಿಗಳ ಆಚೆ ಜಾಗ ಹಿಡಿದು, ಪ್ರೆಸ್ಸು ತರಿಸಿ, ಕಾರಿನ ಮೈಯನ್ನು ಇಲ್ಲೇ ಮಾಡತೊಡಗಿದರು. ಒಂದು ಭಾನುವಾರ ಅವನು ಹೆಂಡತಿಗೆ ಆ ಹಳೆಯ ಶೆಡ್ಡನ್ನು ತೋರಿಸಲು ಕರೆದುಕೊಂಡು ಹೋದ. ಅಷ್ಟರಲ್ಲಿ ಅದು ಸೌಕಾರ್‌ಪೇಟೆಯ ಸೇಠೊಬ್ಬರ ಬಟ್ಟೆಯ ಗೋದಾಮಾಗಿತ್ತು. ಕಾವಲುಗಾರ ಒಳಗೆ ಬಿಡಲಿಲ್ಲ. "ಇರ್ಲಿ ಬುಡು, ಹೊರಗಿಂದ್ಲೇ ನೋಡು" ಎಂದು ತಮ್ಮಯ್ಯ ಗೇಟಿನ ಕಂಬಿಯ ನಡುವೆ ಬೆರಳು ತೂರಿಸಿ ಅದನ್ನೂ ಇದನ್ನೂ ತೋರಿಸಿದ.

ಎಂಬತ್ತೇಳರ ಬೇಸಿಗೆಯಲ್ಲಿ ಅವನು ಸತ್ತ. ಪ್ರೆಸ್ಸಿಗೆ ಎರಡು ಗುಂಡಿ. ಎರಡು ಕೈಯಿಂದಲೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯಬೇಕು, ಹಾಗಾದರೆ ಯಾರ ಕೈಯೂ ಒಳಗಿರುವುದಿಲ್ಲ. ಕೆಲಸ ಬೇಗ ಸಾಗಲೆಂದು ಆ ತಿಂಗಳು ಒಂದು ಗುಂಡಿಯನ್ನು ತಂತಿಯಿಂದ ಬಿಗಿದಿದ್ದರು. ಅದು ಮೇಲಿನವರಿಗೂ ಗೊತ್ತಿತ್ತು, ಕೆಳಗಿನವರಿಗೂ ಗೊತ್ತಿತ್ತು. ಸಿಕ್ಕಿಕೊಂಡ ಹಾಳೆ ಬಿಡಿಸಲು ತಮ್ಮಯ್ಯ ಬಗ್ಗಿದಾಗ ಮೊಣಕೈ ಇನ್ನೊಂದು ಗುಂಡಿಗೆ ತಾಗಿ ಅಚ್ಚು ಇಳಿಯಿತು. ಪಕ್ಕದ ಪ್ರೆಸ್ಸಿನಲ್ಲಿದ್ದ ಅಂದಾನಿ ಓಡಿಬಂದು ಎಳೆದುಕೊಂಡ. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಜೀವ ಹೋಯಿತು. ಮಗಳು ಅನುವಿಗೆ ಆಗ ಇನ್ನೂ ಮಾತು ಸರಿಯಾಗಿ ಬರುತ್ತಿರಲಿಲ್ಲ.

ಕಂಪನಿ ಬೇಬಿಗೆ ಕ್ಯಾಂಟೀನಿನಲ್ಲಿ ಕಾಯಂ ಕೆಲಸ ಕೊಟ್ಟಿತು. ಗೇಟಿನಿಂದ ಕ್ಯಾಂಟೀನಿಗೆ ಹೋಗುವ ನೇರ ದಾರಿ ಪ್ರೆಸ್ ಶಾಪಿನ ಮಗ್ಗುಲಲ್ಲಿತ್ತು. ಅವಳು ಒಂದು ದಿನವೂ ಆ ದಾರಿ ತುಳಿಯಲಿಲ್ಲ. ಪೇಂಟ್ ಶಾಪಿನ ಹಿಂದಿನಿಂದ ಸುತ್ತಿ ಹೋಗುತ್ತಿದ್ದಳು. ಆದರೆ ಸದ್ದನ್ನು ಸುತ್ತಿ ಹೋಗುವುದು ಹೇಗೆ? ಅಚ್ಚು ಇಳಿದಾಗಲೆಲ್ಲ ಕ್ಯಾಂಟೀನಿನ ಲೋಟಗಳು ನಡುಗುತ್ತಿದ್ದವು. ಅವಳು ಸಾಂಬಾರು ಬಡಿಸುತ್ತಲೇ ಇರುತ್ತಿದ್ದಳು. ವರ್ಷಗಳು ಹಾಗೆಯೇ ಕಳೆದವು.

ತೊಂಬತ್ತೊಂಬತ್ತರಲ್ಲಿ ಕಾರ್ಖಾನೆಯನ್ನು ಶ್ರೀಪೆರಂಬುದೂರಿನ ಕಡೆಗೆ ಸಾಗಿಸುತ್ತಾರೆಂಬ ಸುದ್ದಿ ಗಟ್ಟಿಯಾಯಿತು. ಆ ದಿಕ್ಕಿನಲ್ಲಿ ಆಗಲೇ ದೊಡ್ಡ ದೊಡ್ಡ ಕಾರು ಕಂಪನಿಗಳು ಬಂದು ಕೂತಿದ್ದವು. ಸಿಬ್ಬಂದಿ ವಿಭಾಗದ ಅಧಿಕಾರಿ ವಿಷ್ಣುಮೂರ್ತಿಯವರು ಬೇಬಿಯನ್ನು ಕರೆಸಿದರು. ಅವರು ಉಡುಪಿ ಕಡೆಯವರು, ಮೆತ್ತಗೆ ಮಾತಾಡುವ ಮನುಷ್ಯ.

"ಅಲ್ಲಿ ಕ್ಯಾಂಟೀನನ್ನು ಕಾಂಟ್ರಾಕ್ಟಿಗೆ ಕೊಡ್ತಾರೆ ಬೇಬಿಯಮ್ಮ. ನಿಮ್ಮನ್ನ ಕಾಯಮ್ಮಾಗಿ ಇಟ್ಕೊಳ್ಳೋದಾದ್ರೆ ಒಂದೇ ಒಂದು ಜಾಗ ಇದೆ. ಪ್ರೆಸ್ಸಿಂದ ಬಂದ ಬಾಗಿಲುಗಳ ಮೇಲೆ ಕೈ ಆಡಿಸಿ, ತಗ್ಗು ಉಬ್ಬು ಇದ್ದರೆ ಗುರುತು ಹಾಕೋ ಕೆಲಸ. ಈಗ ಹೆಂಗಸರನ್ನೂ ತಗೊಳ್ತಿದ್ದಾರೆ."

"ಪ್ರೆಸ್ ಶಾಪಿನೊಳಗಾ ಸಾರ್?"

"ಹೌದು."

"ಬ್ಯಾರೆ ಯಾವ್ದಾರ ಕೊಡಿ ಸಾರ್. ನೆಲ ಗುಡಿಸ್ತೀನಿ."

"ಅದೂ ಕಾಂಟ್ರಾಕ್ಟೇ ಅಮ್ಮ" ಎಂದು ಅವರು ಮುಖ ತಗ್ಗಿಸಿದರು.

ಮನೆಯಲ್ಲಿ ಹೇಳಿದಾಗ ಅನು ಹೋಮ್‌ವರ್ಕ್ ಬಿಟ್ಟು ಎದ್ದು ಬಂದಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದುದು ತಮಿಳೇ. "ಅಂಗ ಪೋಗಾದಮ್ಮಾ. ವೇಣ್ಡಾಂ" ಎಂದು, ಅಲ್ಲಿಗೆ ಹೋಗುವುದು ಬೇಡವೆನ್ನುತ್ತ ತಾಯಿಯ ಕೈ ಹಿಡಿದುಕೊಂಡು ಬಿಡಲಿಲ್ಲ. ಆದರೆ ಮಗಳನ್ನು ಕಾಲೇಜಿಗೆ ಕಳಿಸುವ ಆಸೆ ಬೇಬಿಗೆ ಇತ್ತು. ಯಾರ ಮನೆಯ ಮುಂದೆಯೂ ನಿಂತು ಕೇಳುವ ಮನಸ್ಸು ಇರಲಿಲ್ಲ. ವಾರವಿಡೀ ಯೋಚಿಸಿ ಒಪ್ಪಿಕೊಂಡಳು.

ಹಳೆಯ ಕಾರ್ಖಾನೆ ಒಂದೊಂದೇ ತುಂಡಾಗಿ ಹೊರಟಿತು. ಪ್ರೆಸ್ ಶಾಪಿನ ಚಾವಣಿ ತೆಗೆದರು. ಕ್ರೇನು ಮೇಲೆತ್ತಿದ ಯಂತ್ರ ಹಾಡಹಗಲಲ್ಲಿ ಆಕಾಶಕ್ಕೆ ಎದುರಾಗಿ ತೂಗಾಡಿದಾಗ ಕ್ಯಾಂಟೀನಿನ ಬಾಗಿಲಲ್ಲಿ ನಿಂತಿದ್ದ ಬೇಬಿ ಅದನ್ನು ಮೊದಲ ಸಲ ನೋಡಿದಳು. ಅಂದಾನಿ ಪಕ್ಕಕ್ಕೆ ಬಂದು ನಿಂತ.

"ಅದೇಯಾ ಅಣ್ಣ?"

"ಅದೇ ಕನವ್ವ. ಒಳಗ್ ಹೋಗು, ನೋಡ್ಬ್ಯಾಡ."

ಅವಳು ಒಳಗೆ ಹೋಗಲಿಲ್ಲ. ಟ್ರೇಲರು ಗೇಟಿನಾಚೆಯ ಜಿ.ಎಸ್.ಟಿ. ಹೆದ್ದಾರಿಗೆ ತಿರುಗಿ ಕಣ್ಮರೆಯಾಗುವವರೆಗೂ ನಿಂತೇ ಇದ್ದಳು. ಇಷ್ಟು ವರ್ಷ ಹೆದರಿಸಿದ್ದು ಈ ಕಬ್ಬಿಣವೇ ಎಂದು ಅವಳಿಗೆ ಅನ್ನಿಸಿತು. ಸಿಟ್ಟು ಬರುತ್ತದೆಂದುಕೊಂಡಿದ್ದಳು, ಬರಲಿಲ್ಲ.

ಹೊಸ ಕಾರ್ಖಾನೆಯಲ್ಲಿ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಹೊಸ ಪ್ರೆಸ್ಸುಗಳ ಸಾಲಿನ ಕೊನೆಗೆ ಕ್ರೋಂಪೇಟೆಯ ಪ್ರೆಸ್ಸನ್ನೂ ಹಸಿರು ಬಣ್ಣ ಬಳಿದು ನಿಲ್ಲಿಸಿದ್ದರು. ಅದರ ಬಾಯಿಗೆ ಈಗ ಕಣ್ಣಿಗೆ ಕಾಣದ ಬೆಳಕಿನ ಕಿರಣಗಳ ಕಾವಲು. ಎಲ್ಲರೂ ಅದನ್ನು ಲೈಟ್ ಕರ್ಟನ್ ಎನ್ನುತ್ತಿದ್ದರು. ಕೈ ಅಡ್ಡ ಬಂದರೆ ಸಾಕು, ಅಚ್ಚು ಅಲ್ಲೇ ನಿಂತುಬಿಡುತ್ತಿತ್ತು. ಮೊದಲ ತಿಂಗಳು ಬೇಬಿಗೆ ಊಟ ಸೇರಲಿಲ್ಲ. ಆಮೇಲೆ ಬಾಗಿಲುಗಳ ಮೇಲೆ ಅಂಗೈ ಆಡಿಸುವುದು ಅಭ್ಯಾಸವಾಯಿತು. ಎರಡು ಸಾವಿರದ ಮೂರರ ಹೊತ್ತಿಗೆ ಅನು ಕ್ರೋಂಪೇಟೆಯ ಎಂಜಿನಿಯರಿಂಗ್ ಕಾಲೇಜು ಸೇರಿದ್ದಳು. ಅದೇ ವರ್ಷ ಹಳೆಯ ಕಾರ್ಖಾನೆಯ ಜಾಗ ಮಾರಾಟವಾಗಿ, ಗೋಡೆಗಳನ್ನು ಉರುಳಿಸಿದರು.

ಆ ವರ್ಷ ದೀಪಾವಳಿಗೆ ಮುಂಚೆ ಕಾರುಗಳಿಗೆ ಬೇಡಿಕೆ ಜಾಸ್ತಿಯಾಗಿತ್ತು. ಒಂದು ಬೆಳಿಗ್ಗೆ ಹಳೆಯ ಪ್ರೆಸ್ಸಿನ ಲೈಟ್ ಕರ್ಟನ್ ಕೆಟ್ಟಿತು. ರಿಪೇರಿಯವರು ಬರುವುದು ಮಧ್ಯಾಹ್ನವಾಗುತ್ತದೆ ಎಂದು ಗೊತ್ತಾದಾಗ ಸೂಪರ್‌ವೈಸರ್ ರಮೇಶ್ ಯಂತ್ರದ ಪಕ್ಕದ ಕೀಲಿ ತಿರುಗಿಸಿ, ಕಾವಲಿಲ್ಲದೆಯೇ ಪ್ರೆಸ್ಸು ಓಡುವಂತೆ ಮಾಡಿದ. ರಮೇಶ್ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದ ಕನ್ನಡಿಗ. ಕೆಟ್ಟವನಲ್ಲ, ಮೇಲಿನವರ ಫೋನಿಗೆ ಹೆದರುವವನು.

"ಮಧ್ಯಾಹ್ನದ ತನಕ ಅಷ್ಟೆ ಪಾ. ಹುಷಾರಾಗಿ ಓಡಿಸಿ" ಎಂದು ಹೇಳಿ ನಿಂತ.

ಬೇಬಿ ಅದನ್ನು ನೋಡಿದಳು. ಪ್ರೆಸ್ಸಿನ ಮುಂದೆ ನಿಂತಿದ್ದವನು ಬಗ್ಗಿ ಹಾಳೆಯನ್ನು ಸರಿಮಾಡುತ್ತಿದ್ದ. ಅವನ ಬೆನ್ನು ಅಂಗಿಯೊಳಗೆ ಬೆವತಿತ್ತು. ಅವಳು ಕೈಗವಸು ಕಳಚಿ, ನೆಟ್ಟಗೆ ನಡೆದುಹೋಗಿ, ಕಂಬದ ಮೇಲಿನ ಕೆಂಪು ಗುಂಡಿಯನ್ನು ಅಂಗೈಯಿಂದ ಒತ್ತಿಬಿಟ್ಟಳು. ಹಳೆಯ ಪ್ರೆಸ್ಸಷ್ಟೇ ಅಲ್ಲ, ಇಡೀ ಸಾಲು ನಿಂತಿತು. ಶಾಪಿನಲ್ಲಿ ಸದ್ದೇ ಇಲ್ಲ.

"ಎನ್ನಮ್ಮ ಇದು? ಲೈನ್ ನಿಲ್ಲಿಸಿಬಿಟ್ರೆ ಯಾರು ಬದಿಲ್ ಹೇಳೋದು?" ರಮೇಶ್ ಓಡಿ ಬಂದ. "ಕೈ ತೆಗೀರಿ ಬೇಬಿಯಮ್ಮ."

"ತೆಗ್ಯಾಕಿಲ್ಲ."

"ಒಂದು ಮಧ್ಯಾಹ್ನದ ವಿಷಯ ಮಾ!"

"ಅವತ್ತೂವೆ ಹಿಂಗೇ ಅಂದಿದ್ರಂತೆ. ಈ ತಿಂಗಳು ಒಂದು ಸಾಗ್ಲಿ ಅಂತ." ಅವಳ ದನಿ ಏರಲಿಲ್ಲ. "ಕಾವಲಿಲ್ದೆ ಇದು ಓಡಕ್ಕೆ ನಾ ಬುಡಾಕಿಲ್ಲ. ನನ್ನ ಕೆಲ್ಸ ತಗೀರಿ, ಪೊಲೀಸ್ನೋರ ಕರೀರಿ, ಏನಾರ ಮಾಡ್ಕಳಿ."

ಅಂದಾನಿ ತನ್ನ ಪ್ರೆಸ್ಸು ಬಿಟ್ಟು ಬಂದು ಅವಳ ಪಕ್ಕ ನಿಂತ. ನಿವೃತ್ತಿಗೆ ಅವನಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಅವನ ಹಿಂದೆ ಕ್ರೋಂಪೇಟೆಯಿಂದ ಬಂದ ಇನ್ನೂ ಕೆಲವರು ಬಂದರು. ಯಾರೂ ಕೂಗಲಿಲ್ಲ. ಪ್ರೆಸ್ಸಿನ ಮುಂದಿದ್ದವನು ಮೆಲ್ಲಗೆ ಹಿಂದೆ ಸರಿದು ತನ್ನ ಕೈಗಳನ್ನು ನೋಡಿಕೊಂಡ. ರಿಪೇರಿಯವರು ಬಂದು ಕರ್ಟನ್ ಸರಿಮಾಡುವವರೆಗೂ ಸಾಲು ಹಾಗೆಯೇ ನಿಂತಿತ್ತು.

ವಿಚಾರಣೆ ನಡೆಯಿತು. ಕೀಲಿ ತಿರುಗಿಸಿದ್ದು ತಪ್ಪೆಂದು ಮೇಲಿನವರು ಒಪ್ಪಿಕೊಂಡರು. ಅನುಮತಿ ಇಲ್ಲದೆ ಇಡೀ ಸಾಲು ನಿಲ್ಲಿಸಿದ್ದೂ ತಪ್ಪೆಂದರು. ಆಮೇಲೆ ಕೀಲಿ ಸೂಪರ್‌ವೈಸರುಗಳ ಕೈಗೆ ಸಿಗದಂತಾಯಿತು. ಬೇಬಿಗೆ ಆ ವರ್ಷದ ಬಡ್ತಿ ತಪ್ಪಿತು. ಎಚ್ಚರಿಕೆಯ ಮೆಮೊ ಕೊಡುವಾಗ ವಿಷ್ಣುಮೂರ್ತಿಯವರು ಎದ್ದು ನಿಂತು ಕೊಟ್ಟರು. "ನನ್ನ ಕೈಯಲ್ಲಿ ಇಷ್ಟೇ ಆಗಿದ್ದು" ಎಂದರು. ಅವಳು ಸಹಿ ಹಾಕಿ, ಕೆಲಸಕ್ಕೆ ಹಿಂದಿರುಗಿದಳು.

ರಮೇಶ್ ಅವಳೊಂದಿಗೆ ಮಾತು ಬಿಟ್ಟ. ಏನಾದರೂ ಹೇಳಬೇಕಿದ್ದರೆ ಬೇರೆಯವರ ಮೂಲಕ ಹೇಳಿಸುತ್ತಿದ್ದ. ಮಳೆಗಾಲ ಕಳೆದು ಪೊಂಗಲ್ ಬಂತು. ರಜೆ ಮುಗಿಸಿ ಬಂದ ದಿನ, ಟೀ ಹೊತ್ತಿನಲ್ಲಿ, ಅವನು ಲೋಟ ಹಿಡಿದುಕೊಂಡು ಬಂದು ಅವಳು ಕೂತಿದ್ದ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಬಹಳ ಹೊತ್ತು ಟೀ ಊದುತ್ತಿದ್ದ.

"ನಿಮ್ಮ ಯಜಮಾನ್ರು... ಎಂಥಾವ್ರು ಮಾ?" ಎಂದು ಕೊನೆಗೆ ಕೇಳಿದ.

ತಮ್ಮಯ್ಯ ಹೇಗೆ ಸತ್ತ ಎಂದು ಬೇಬಿಯನ್ನು ಎಷ್ಟೋ ಜನ ಕೇಳಿದ್ದರು. ಎಂಥವನಾಗಿದ್ದ ಎಂದು ಯಾರೂ ಕೇಳಿರಲಿಲ್ಲ.

"ಜೋರಾಗಿ ನಗೋರು ಕಣಪ್ಪ" ಎಂದಳು. "ಸಿನಿಮಾದಲ್ಲಿ ಯಾರೂ ನಗ್ದೇ ಇರೋ ಕಡೇಲೂ ಅವ್ರು ನಗೋರು. ನಂಗೆ ನಾಚ್ಕೆ ಆಗೋದು. ಈಜೂ ಬರ್ತಿರ್ಲಿಲ್ಲ, ಆದ್ರೂ ಬೆಸೆಂಟ್ ನಗರಕ್ಕೆ ಹೋದ್ರೆ ಪ್ಯಾಂಟು ಮಡಿಸ್ಕಂಡು ಸಮುದ್ರಕ್ಕೆ ಇಳ್ಯೋರು..."

ರಮೇಶ್ ಲೋಟವನ್ನು ಬೆಂಚಿನ ಮೇಲಿಟ್ಟು ಅವಳ ಕಡೆ ತಿರುಗಿ ಕೂತ. ಗಂಟೆ ಹೊಡೆದು ಉಳಿದವರೆಲ್ಲ ಎದ್ದರೂ ಅವನು ಅವಳನ್ನು ಎಬ್ಬಿಸಲಿಲ್ಲ.