ಮೂರನೆಯ ಸಾಕ್ಷಿ

ನಿಘಂಟು ಕಚೇರಿಯ ಹಿಂದಿನ ಕೋಣೆಯಲ್ಲಿ ಅವಳದು ವಿಚಿತ್ರ ಕೆಲಸ: ಬೇರೆ ಬೇರೆ ಭಾಷೆಗಳ ಪದಗಳನ್ನು ಹೋಲಿಸಿ, ಅವುಗಳ ಅಳಿದುಹೋದ ಮೂಲಪದವನ್ನು ಊಹಿಸುವುದು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮೂಗು ಹುಬ್ಬು ನೋಡಿ, ಎಂದೋ ಸತ್ತ ತಾಯಿಯ ಮುಖ ಬರೆದಂತೆ. ಬರೆದ ಮೇಲೆ ತಲೆಗೊಂದು ನಕ್ಷತ್ರಚಿಹ್ನೆ: ಇದು ಊಹೆ, ಯಾರೂ ಕಂಡದ್ದಲ್ಲ. ಅದಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ಒಂದೇ ಭಾಷೆ ಹೇಳಿದರೆ ಆಕಸ್ಮಿಕ. ಎರಡು ಹೇಳಿದರೆ ಎರವಲಿರಬಹುದು. ಮೂರನೆಯ ಸಾಕ್ಷಿ ಬರುವ ತನಕ ತಾಯಿ ಹುಟ್ಟುವಂತಿಲ್ಲ.

ಆ ವಾರ ಬಂದದ್ದು, ನಡುಗುವುದಕ್ಕೆ ಹಳೆಯ ಜರ್ಮ್ಯಾನಿಕ್ ಜನ ಆಡುತ್ತಿದ್ದಿರಬಹುದಾದ ಕ್ರಿಯಾಪದ. ಜರ್ಮನ್ನಿನಲ್ಲಿ ಬೇಬೆನ್, ಡಚ್ಚಿನಲ್ಲಿ ಬೇವೆನ್, ಸ್ವೀಡಿಷಿನಲ್ಲಿ ಬೇವ. ಇಂಗ್ಲಿಷಿಗೆ ಹೋದ ಮಗಳು ಮಾತ್ರ ಶತಮಾನಗಳ ಹಿಂದೆಯೇ ವಂಶವಿಲ್ಲದೆ ತೀರಿಕೊಂಡಿದ್ದಳು. ಅವಳು ಚೀಟಿಯಲ್ಲಿ ‘ಬಿಬಾನ’ ಎಂದು ಬರೆದಳು. ಇನ್ನೂ ಕೆಳಗೆ ಅಗೆದರೆ ಬೇರು ಹೆದರಿಕೆಗೆ ಹೋಗಿ ಮುಟ್ಟುತ್ತಿತ್ತು. ಸಂಸ್ಕೃತದ ‘ಬಿಭೇತಿ’, ನಾವು ದಿನಾ ಆಡುವ ‘ಭಯ’ ಅಲ್ಲಿಯವೇ. ಮೊದಲು ಹುಟ್ಟಿದ್ದು ಭಯ, ನಡುಕವಲ್ಲ.

ಅಮ್ಮನ ಕೈ ನಡುಗುತ್ತಿತ್ತು. ಆಮೇಲೆ ನಾಲಗೆಯೂ ಸೋತು, ಯಾರನ್ನೋ ಕರೆಯಲು ಹೋಗಿ ಕರೆಯಲಾಗದೆ ಸತ್ತಳು. ಹೋದ ವರ್ಷ ಅಣ್ಣನಿಗೆ ಶುರುವಾಗಿತ್ತು.

ಸಂಜೆ ಅಕ್ಕ ಕಚೇರಿಗೇ ಬಂದಳು.

“ಏನೇ ನಿಘಂಟಮ್ಮ, ಸತ್ತವರನ್ನ ಎಬ್ಬಿಸೋದು ಮುಗೀತಾ?”

ನಗುತ್ತಲೇ ಕೂತಳು. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು, ಆದರೂ ತುಳುಕಿತು.

“ನಂಗೂ ಅದೇ ಅಂತೆ ಕಣೇ. ಅಣ್ಣಂದೇ. ನಿನ್ನನ್ನೂ ಕರ್ಕೊಂಡು ಬನ್ನಿ ಅಂದ್ರು ಡಾಕ್ಟ್ರು. ಬೇಗ ಗೊತ್ತಾದ್ರೆ ಔಷಧೀಲಿ ಸ್ವಲ್ಪ ತಡೀಬಹುದಂತೆ.”

“ಇಬ್ಬರಿಗೆ ಬಂದ ಮಾತ್ರಕ್ಕೆ ಮನೆತನದ್ದು ಅಂತ ಹೇಳೋಕಾಗಲ್ಲ ಅಕ್ಕ. ಅಣ್ಣ ಕುಡೀತಾನೆ. ನೀನು ನಿದ್ದೆ ಮಾಡಲ್ಲ.”

“ಅಮ್ಮ ಲೆಕ್ಕಕ್ಕಿಲ್ವಾ?”

“ಅಮ್ಮನ್ನ ಯಾವ ಡಾಕ್ಟ್ರಿಗೆ ತೋರಿಸಿದ್ವಿ? ಅವಳ ಕಾಯಿಲೆ ಏನು ಅಂತ ನಮ್ಮನ್ನ ನೋಡೇ ಊಹಿಸ್ಬೇಕು. ಇನ್ನೂ ಒಂದಷ್ಟು ದಿನ ಕಾಯೋಣ.”

“ಯಾರಿಗೋಸ್ಕರ ಕಾಯ್ತೀಯ? ಅವಳಿಗಿರೋದೇ ಮೂರು ಮಕ್ಕಳು.”

ಅವಳು ಚೀಟಿಯ ಮೇಲೆ ಕಣ್ಣಿಟ್ಟಳು. ಅಕ್ಕ ಕೈ ಚಾಚಿ, ಚೀಟಿ ಹಿಡಿದಿದ್ದ ಅವಳ ಕೈಯನ್ನು ಮುಚ್ಚಿ ಹಿಡಿದಳು. ಎರಡು ಕೈಗಳ ನಡುವೆ ಕಾಗದ ಪಟಪಟ ಎಂದಿತು.

“ನಿನ್ನ ಕೈ ತೆಗಿಯೇ. ಅಲ್ಲಾಡಿಸ್ತಿದೀಯ. ಓದೋಕಾಗ್ತಿಲ್ಲ.”

ಅಕ್ಕ ಕೈ ತೆಗೆದು, ಎರಡನ್ನೂ ಮಡಿಲಲ್ಲಿಟ್ಟುಕೊಂಡಳು. ಕಾಗದದ ಸದ್ದು ನಿಲ್ಲಲಿಲ್ಲ. ಯಾವಾಗಲೂ ಏನಾದರೊಂದು ಚುಚ್ಚಿ ನಗಿಸುವ ಅಕ್ಕ, ಈ ಸಲ ಮುಖ ತಿರುಗಿಸಿ ಕಿಟಕಿಯ ಕಡೆ ನೋಡುತ್ತ ಕೂತಳು.